ಅಂತರಜಾಲದ ಲೇಖಕರೂ ದರ್ಜೆಯ ನಕ್ಷತ್ರಗಳೂ

ಬರೆದವನಿಗೆ ತನ್ನ ಬರಹ ಹೇಗಿದೆಯೆಂದು ತಿಳಿಯಬೇಕೆಂಬ ಆಸೆ ಸಹಜವಾದುದು. ಹಿಂದೆ ಈ ಆಸೆಯನ್ನು ಪೂರೈಸುತ್ತಿದ್ದವರು ಗುರುಗಳು, ಗೆಳೆಯರು ಮತ್ತು ಪತ್ರಿಕೆಯ ಸಂಪಾದಕರು. ಎ. ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ವನ್ನು ನಡೆಸುತ್ತಿದ್ದ ಕಾಲದಲ್ಲಾಗಲಿ, ಮಾಸ್ತಿಯವರು ‘ಜೀವನ’ ಪತ್ರಿಕೆಯ ಸಂಪಾದಕರಾಗಿದ್ದ ಕಾಲದಲ್ಲಾಗಲಿ, ಲೇಖನವೊಂದು ಅಚ್ಚಾಗಬೇಕೇ ಬೇಡವೇ ಎಂಬುದು ಸಂಪಾದಕರ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಅಚ್ಚಾದ ಮೇಲೆ ಅದನ್ನು ಓದಿದವರು ಏನೆಂದುಕೊಂಡರೆಂಬುದು ಲೇಖಕನಿಗೆ ಗೊತ್ತಾಗುತ್ತಿದ್ದುದು ಎಲ್ಲೋ ಒಂದೆರಡು ಕಾಗದಗಳಿಂದ ಮಾತ್ರ. ಅಂತರಜಾಲದಲ್ಲಿ ಲೇಖನ ಪ್ರಕಟಿಸುವ ತಾಣಗಳು ಹುಟ್ಟಿದ ಮೇಲೆ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಪ್ರಕಟಣೆ ಮೊದಲು, ಪರೀಕ್ಷೆ ಆಮೇಲೆ. ಪರೀಕ್ಷಕರು ಓದುಗರೇ. ಅವರ ತೀರ್ಪು ಒಂದು ಸಂಖ್ಯೆಯಾಗಿ ಇಲ್ಲವೆ ಒಂದರಿಂದ ಐದರವರೆಗಿನ ನಕ್ಷತ್ರಗಳಾಗಿ ಲೇಖನದ ತಲೆಯ ಮೇಲೆ ಕುಳಿತಿರುತ್ತದೆ. ಇದಕ್ಕೆ ರೇಟಿಂಗ್ ಎಂದು ಹೆಸರು. ದರ್ಜೆ ನೀಡುವುದು ಎಂದು ನಾವು ಕರೆಯಬಹುದು.

ದರ್ಜೆಯು ಬರಹವನ್ನು ಸರಿಯಾಗಿ ಅಳೆಯುತ್ತದೆಯೇ ಎಂಬುದು ಒಂದು ಪ್ರಶ್ನೆ. ಅಳೆಯುವ ಕೆಲಸದಲ್ಲಿಯೇ ಅದು ಬರಹವನ್ನೂ ಬರೆಯುವವನನ್ನೂ ಬದಲಿಸಿಬಿಡುತ್ತದೆಯೇ ಎಂಬುದು ಇನ್ನೊಂದು. ನನಗೆ ಎರಡನೆಯದೇ ದೊಡ್ಡ ಪ್ರಶ್ನೆಯಾಗಿ ತೋರುತ್ತದೆ. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗುವಂತಿಲ್ಲ.

ಈ ವಿಚಾರಕ್ಕೆ ಅಮೆರಿಕದ ‘ಹೀಲಿಯಂ’ ಎಂಬ ತಾಣ ಒಳ್ಳೆಯ ನಿದರ್ಶನ. ಮಾರ್ಕ್ ರನಾಲಿ ಎಂಬವರು 2006ರಲ್ಲಿ ಮೆಸಾಚುಸೆಟ್ಸ್ ಸಂಸ್ಥಾನದಲ್ಲಿ ಇದನ್ನು ಆರಂಭಿಸಿದರು. ಇಲ್ಲಿ ಒಂದು ಶೀರ್ಷಿಕೆಯಿರುವುದು. ಅದರಡಿಯಲ್ಲಿ ಹತ್ತು ಜನ, ಇಪ್ಪತ್ತು ಜನ ತಮ್ಮ ತಮ್ಮ ಲೇಖನಗಳನ್ನು ಬರೆಯುವರು. ಪರೀಕ್ಷೆಯ ಒಂದೇ ಪ್ರಶ್ನೆಗೆ ತರಗತಿಯವರೆಲ್ಲ ಉತ್ತರ ಬರೆದಂತೆ ಎಂದರೆ ನಮಗೆ ಬೇಗ ಅರ್ಥವಾದೀತು. ಆಮೇಲೆ ಸದಸ್ಯರ ಮುಂದೆ ಒಂದೇ ಶೀರ್ಷಿಕೆಯ ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲಿ ಇಡುತ್ತಿದ್ದರು. ಬರೆದವರ ಹೆಸರು ಕಾಣುತ್ತಿರಲಿಲ್ಲ. ಯಾವುದು ಮೇಲು, ಎಷ್ಟು ಮೇಲು ಎಂದು ಓದಿದವನು ಹೇಳಬೇಕು. ಇಂತಹ ಅನೇಕ ತೀರ್ಪುಗಳನ್ನು ಕೂಡಿಸಿ ಲೇಖನಗಳಿಗೆ ಒಂದನೆಯದು, ಎರಡನೆಯದು, ಹದಿನೇಳನೆಯದು ಎಂದು ಸ್ಥಾನ ಗೊತ್ತುಮಾಡುತ್ತಿದ್ದರು. ಹಳೆಯ ಲೇಖನವನ್ನು ತಿದ್ದಿ ಬರೆಯಬೇಕೆಂದರೂ ಸ್ಪರ್ಧೆ ತಪ್ಪಿದ್ದಲ್ಲ. ಹೊಸದನ್ನೂ ಹಳೆಯದನ್ನೂ ಹಾಗೆಯೇ ಅಕ್ಕಪಕ್ಕ ನಿಲ್ಲಿಸುತ್ತಿದ್ದರು. ಹೊಸದು ಗೆದ್ದರೆ ಮಾತ್ರ ಹಳೆಯದರ ಜಾಗ ಅದಕ್ಕೆ ದೊರೆಯುತ್ತಿತ್ತು.

ಇದರ ಹಿಂದೆ ಒಂದು ಶಾಸ್ತ್ರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್ 1927ರಲ್ಲಿ ತುಲನಾತ್ಮಕ ತೀರ್ಪಿನ ನಿಯಮವೊಂದನ್ನು ಪ್ರತಿಪಾದಿಸಿದರು. ಒಂದು ವಸ್ತುವಿಗೆ ನೂರಕ್ಕೆ ಎಷ್ಟು ಅಂಕವೆಂದರೆ ಮನುಷ್ಯ ತಡವರಿಸುತ್ತಾನೆ. ಎರಡನ್ನು ಮುಂದಿಟ್ಟು ಯಾವುದು ಹೆಚ್ಚೆಂದು ಕೇಳಿದರೆ ಸಲೀಸಾಗಿ ಹೇಳುತ್ತಾನೆ. ಎರಡು ತೆಂಗಿನಕಾಯಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುವ ನಮ್ಮ ಅಜ್ಜಿಯರಿಗೆ ಈ ನಿಯಮ ಥರ್ಸ್ಟನ್ನರಿಗಿಂತ ಮೊದಲೇ ಗೊತ್ತಿತ್ತು, ಇರಲಿ. ಹೆಸರು ಮರೆಸಿ ಜೋಡಿಯಾಗಿ ಓದಿಸುವ ಹೀಲಿಯಂನ ಪದ್ಧತಿ ನ್ಯಾಯವಾದ ಪದ್ಧತಿಯೆಂದೇ ನನ್ನ ಅಭಿಪ್ರಾಯ. ದೊಡ್ಡ ಹೆಸರಿನವನ ಲೇಖನಕ್ಕೂ ಹೆಸರೇ ಇಲ್ಲದವನ ಲೇಖನಕ್ಕೂ ಅದರಲ್ಲಿ ಒಂದೇ ತಕ್ಕಡಿ.

ತೊಡಕು ಬರುವುದು ಲೆಕ್ಕದಲ್ಲಿ. ಒಂದು ಶೀರ್ಷಿಕೆಗೆ 30 ಲೇಖನಗಳಿವೆಯೆನ್ನೋಣ. ಪ್ರತಿಯೊಂದನ್ನೂ ಉಳಿದ ಪ್ರತಿಯೊಂದರ ಜೊತೆ ಒಂದು ಸಲ ಹೋಲಿಸಿದರೆ 435 ಜೋಡಿಗಳಾಗುತ್ತವೆ. ಲೇಖನ 400 ಪದಗಳದ್ದಾದರೆ ಒಟ್ಟು ಓದಬೇಕಾದುದು 3,48,000 ಪದ. ಒಂದೇ ಶೀರ್ಷಿಕೆಗೆ ಇಷ್ಟು! ಎಲ್ಲ ಜೋಡಿಗಳನ್ನೂ ಹೋಲಿಸಲೇಬೇಕೆಂದಿಲ್ಲ, ನಿಜ. ಆದರೆ ತೀರ್ಪು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚುತ್ತದೆ. ಒಂದು ಲೇಖನ ಇನ್ನೊಂದಕ್ಕಿಂತ ಮೇಲಾಗಿದ್ದು, ಹತ್ತು ಜನ ಓದುಗರಲ್ಲಿ ಆರು ಜನ ಅದನ್ನೇ ಮೆಚ್ಚುವಂತಿದೆಯೆನ್ನೋಣ. ಐವರು ಮಾತ್ರ ತೀರ್ಪು ಕೊಟ್ಟರೆ ಕೀಳಾದ ಲೇಖನವೇ ಬಹುಮತದಿಂದ ಗೆಲ್ಲುವ ಸಂಭವ ನೂರಕ್ಕೆ ಸುಮಾರು 32. ಇಪ್ಪತ್ತೈದು ಜನ ತೀರ್ಪು ಕೊಟ್ಟರೂ ಅದು 15ಕ್ಕೆ ಇಳಿಯುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಸಂಖ್ಯಾಶಾಸ್ತ್ರ ಓದುವ ಮಿತ್ರರು ಈ ಲೆಕ್ಕವನ್ನು ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು. ಹದಿನೇಳನೆಯ ಸ್ಥಾನ ಬಂದಿತೆಂದು ಕೊರಗುವ ಲೇಖಕನಿಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಆತನಿಗೆ ಕಾಣುವುದು ಹದಿನೇಳು ಎಂಬ ಅಂಕಿ ಮಾತ್ರ.

ಇಷ್ಟೊಂದು ಓದುವವರನ್ನು ತರುವುದು ಎಲ್ಲಿಂದ? ಹೀಲಿಯಂ ಬರೆಯುವವರನ್ನೇ ಓದುವವರನ್ನಾಗಿ ಮಾಡಿತು. ಜಾಹೀರಾತಿನ ಆದಾಯದಲ್ಲಿ ಲೇಖಕನಿಗೆ ಪಾಲಿತ್ತು. ಆದರೆ ಆ ಪಾಲು ಕೈಗೆ ಬರಬೇಕಾದರೆ ಆತ ಇತರರ ಲೇಖನಗಳಿಗೆ ದರ್ಜೆ ನೀಡಿ, ದರ್ಜೆ ನೀಡಿದ್ದಕ್ಕಾಗಿ ಕೊಡುವ ನಕ್ಷತ್ರವನ್ನು ಉಳಿಸಿಕೊಂಡಿರಬೇಕಾಗಿತ್ತು. ನೋಡುವುದಕ್ಕೆ ಇದು ಸಹಕಾರ ಸಂಘದ ನಿಯಮದಂತಿದೆ. ಆದರೆ ಸಂಬಳಕ್ಕಾಗಿ ಮಾಡುವ ಓದಿನ ಗತಿಯೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ದಿನಕ್ಕೆ ಇಷ್ಟು ಜೋಡಿ ಮುಗಿಸಬೇಕೆಂದು ಕುಳಿತವನು ಮೊದಲ ಪ್ಯಾರಾ ನೋಡುತ್ತಾನೆ, ಉದ್ದ ನೋಡುತ್ತಾನೆ, ಕಾಗುಣಿತ ನೋಡುತ್ತಾನೆ, ಗುಂಡಿ ಒತ್ತುತ್ತಾನೆ. ಹೀಗಿರಲಾಗಿ ನಿಧಾನವಾಗಿ ವಾದವನ್ನು ಕಟ್ಟಿಕೊಂಡು ಹೋಗಿ ಕೊನೆಯ ಪುಟದಲ್ಲಿ ಮುಖ್ಯ ಮಾತನ್ನು ಹೇಳುವ ಲೇಖಕನಿಗೆ ನ್ಯಾಯ ಸಿಕ್ಕುವುದು ಹೇಗೆ? ದರ್ಜೆ ನೀಡುವವನ ತೀರ್ಪು ಇತರರ ತೀರ್ಪಿಗೆ ಹೊಂದುತ್ತದೆಯೇ ಎಂದು ನೋಡಿ ಅವನಿಗೂ ದರ್ಜೆ ಕೊಡುವ ಪದ್ಧತಿಯಿದ್ದರಂತೂ ತೀರಿತು. ಆಗ ಆತ ಯಾವುದು ಒಳ್ಳೆಯದೆಂದು ಯೋಚಿಸುವುದನ್ನು ಬಿಟ್ಟು ಯಾವುದನ್ನು ಹತ್ತು ಜನ ಒಳ್ಳೆಯದೆನ್ನುತ್ತಾರೆಂದು ಯೋಚಿಸತೊಡಗುತ್ತಾನೆ.

ಹೀಲಿಯಂ 2011ರಲ್ಲಿ ಆರ್. ಆರ್. ಡೊನೆಲ್ಲಿ ಎಂಬ ದೊಡ್ಡ ಮುದ್ರಣ ಸಂಸ್ಥೆಯ ಕೈಸೇರಿ, 2014ರಲ್ಲಿ ಮುಚ್ಚಿಹೋಯಿತು. ಲೇಖಕರು ವರ್ಷಗಟ್ಟಲೆ ಗಳಿಸಿದ ಸ್ಥಾನಗಳೂ ನಕ್ಷತ್ರಗಳೂ ಅದರೊಂದಿಗೆ ಹೋದವು. ಒಂದು ತಾಣದ ನಕ್ಷತ್ರ ಇನ್ನೊಂದು ತಾಣದಲ್ಲಿ ಚಲಾವಣೆಯಾಗುವ ನಾಣ್ಯವಲ್ಲ.

ಈಗ ಬಹುಕಡೆ ಬಳಕೆಯಲ್ಲಿರುವುದು ಜೋಡಿ ಹೋಲಿಕೆಯಲ್ಲ. ಬಿಡಿಯಾದ ಐದು ನಕ್ಷತ್ರಗಳು. ಕನ್ನಡದ ಓದುಗರಿಗೆ ಇದರ ಪರಿಚಯವಿರುವುದು ‘ಪ್ರತಿಲಿಪಿ’ಯಿಂದ. 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ತಾಣದಲ್ಲಿ ಕನ್ನಡವೂ ಸೇರಿದಂತೆ ಅನೇಕ ದೇಶಭಾಷೆಗಳಲ್ಲಿ ಯಾರು ಬೇಕಾದರೂ ಕತೆ, ಲೇಖನ, ಧಾರಾವಾಹಿ ಬರೆಯಬಹುದು. ಓದಿದವರು ನಕ್ಷತ್ರ ಕೊಡಬಹುದು, ನಾಲ್ಕು ಸಾಲು ವಿಮರ್ಶೆ ಬರೆಯಬಹುದು. ಇಂತಹ ತಾಣಗಳ ಉಪಕಾರವನ್ನು ಮರೆಯಬಾರದು. ಪೇಟೆಯ ಸಂಪಾದಕರ ಪರಿಚಯವಿಲ್ಲದವರು, ಹಸ್ತಪ್ರತಿಯನ್ನು ಬೆರಳಚ್ಚು ಮಾಡಿಸುವುದಕ್ಕೂ ಅನುಕೂಲವಿಲ್ಲದವರು, ಮನೆಯಲ್ಲಿ ಮೊದಲ ಬಾರಿಗೆ ಪುಸ್ತಕ ಹಿಡಿದವರು, ಒಂದು ಮೊಬೈಲ್ ಫೋನಿನಿಂದಲೇ ಬರೆದು ಪ್ರಕಟಿಸುವುದು ಸಾಧ್ಯವಾಗಿದೆ. ಸಂಪಾದಕರ ಕಾಲದಲ್ಲಿ ಎಷ್ಟು ಒಳ್ಳೆಯ ಬರಹಗಳು ‘ವಿಷಾದದಿಂದ ಹಿಂದಿರುಗಿಸಿ’ ಹೋದವೋ ಯಾರು ಬಲ್ಲರು? ಆದ್ದರಿಂದ ಹಳೆಯ ಬಾಗಿಲನ್ನು ಹೊಗಳಿ ಹೊಸ ಬಾಗಿಲನ್ನು ತೆಗಳುವುದು ನನ್ನ ಉದ್ದೇಶವಲ್ಲ. ಹೊಸ ಬಾಗಿಲಿನ ಹೊಸ್ತಿಲು ಎಷ್ಟು ಎತ್ತರವಿದೆಯೆಂದು ನೋಡಬೇಕಾಗಿದೆ, ಅಷ್ಟೆ.

ಎಲ್ಲ ತಾಣಗಳಿಗೂ ಅನ್ವಯಿಸುವ ಇನ್ನೊಂದು ಲೆಕ್ಕವನ್ನು ನೋಡೋಣ. ಹೊಸ ಲೇಖಕನೊಬ್ಬನ ಬರಹಕ್ಕೆ ನಾಲ್ವರು ಐದೈದು ನಕ್ಷತ್ರ ಕೊಟ್ಟಿದ್ದಾರೆ; ಸರಾಸರಿ 5. ಐದನೆಯವನೊಬ್ಬ ಬಂದು, ಓದಿಯೋ ಓದದೆಯೋ, ಒಂದು ನಕ್ಷತ್ರ ಕೊಟ್ಟನೆನ್ನಿ. ಸರಾಸರಿ 4.2ಕ್ಕೆ ಬಿತ್ತು. ಹೆಸರಾದ ಲೇಖಕನ ಬರಹಕ್ಕೆ 200 ಜನ ದರ್ಜೆ ಕೊಟ್ಟು ಸರಾಸರಿ 4.6 ಇದೆ. ಅದೇ ಮನುಷ್ಯ ಅಲ್ಲಿಯೂ ಒಂದೇ ನಕ್ಷತ್ರ ಕೊಟ್ಟರೆ ಸರಾಸರಿ 4.58, ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಒಂದೇ ಕಲ್ಲು, ಒಬ್ಬನಿಗೆ ಗಾಯ, ಇನ್ನೊಬ್ಬನಿಗೆ ಧೂಳು. ವಿಡಿಯೋಗಳ ತಾಣವಾದ ಯೂಟ್ಯೂಬ್ 2021ರಲ್ಲಿ ‘ಇಷ್ಟವಿಲ್ಲ’ ಎಂದವರ ಎಣಿಕೆಯನ್ನು ಸಾರ್ವಜನಿಕರ ಕಣ್ಣಿನಿಂದ ಮರೆಮಾಡಿತು. ಗುಂಪು ಕಟ್ಟಿಕೊಂಡು ಬಂದು ಈ ಗುಂಡಿ ಒತ್ತುವವರಿಂದ ಸಣ್ಣ ಮತ್ತು ಹೊಸ ಸದಸ್ಯರಿಗೆ ಆಗುತ್ತಿದ್ದ ತೊಂದರೆಯನ್ನೇ ಅದು ಕಾರಣವಾಗಿ ಹೇಳಿತು.

ಇದಕ್ಕೆ ಹೊಸ ಲೇಖಕ ಕಂಡುಕೊಳ್ಳುವ ರಕ್ಷಣೆ ಯಾವುದು? ಗೆಳೆಯರ ಬಳಗ. ನಮ್ಮ ಹಳ್ಳಿಯ ಮದುವೆಮನೆಗಳಲ್ಲಿ ಮುಯ್ಯಿಯ ಪುಸ್ತಕವನ್ನು ನೋಡಿದವರಿಗೆ ಇದು ಹೊಸದೆನಿಸದು. ಚಪ್ಪರದ ಮೂಲೆಯಲ್ಲಿ ಒಬ್ಬರು ಕುಳಿತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಾರೆ. ಅವರ ಮನೆಯ ಮದುವೆಯಲ್ಲಿ ಅಷ್ಟನ್ನೋ ಅದಕ್ಕಿಂತ ಒಂದಿಷ್ಟು ಹೆಚ್ಚನ್ನೋ ಹಿಂದಕ್ಕೆ ಕೊಡಬೇಕು. ಬರೆಯುವವರ ನಡುವೆಯೂ ಹೀಗೆಯೇ ನಕ್ಷತ್ರಗಳ ಮುಯ್ಯಿ ನಡೆಯುತ್ತದೆ. ನೀವು ನನ್ನ ಕತೆಗೆ ಐದು ಕೊಟ್ಟಿರಿ, ನಾನು ನಿಮ್ಮ ಲೇಖನಕ್ಕೆ ಐದು ಕೊಡುತ್ತೇನೆ. ಇದರಲ್ಲಿ ದುರುದ್ದೇಶವಿರಬೇಕೆಂದೇನೂ ಇಲ್ಲ, ದಾಕ್ಷಿಣ್ಯವಿದ್ದರೆ ಸಾಕು. ಮದುವೆಯಲ್ಲಿ ಮುಯ್ಯಿ ಒಳ್ಳೆಯ ಪದ್ಧತಿಯೇ. ಅದರಿಂದ ಎಷ್ಟೋ ಮನೆಗಳ ಖರ್ಚು ಹಗುರವಾಗಿದೆ. ಆದರೆ ಮುಯ್ಯಿಯ ಮೊತ್ತವನ್ನು ನೋಡಿ ವಧುವಿನ ಗುಣವನ್ನು ಯಾರೂ ನಿರ್ಧರಿಸುವುದಿಲ್ಲ. ಇಲ್ಲಿ ಆ ಕೆಲಸ ನಡೆಯುತ್ತದೆ. ನೆಂಟರಿಲ್ಲದವನ ಬರಹ ಬಡಮನೆಯ ಮದುವೆಯಂತೆ ಮುಗಿದುಹೋಗುತ್ತದೆ. ಎಲ್ಲರೂ ಎಲ್ಲರಿಗೂ ಐದು ಕೊಡತೊಡಗಿದರೆ ನಕ್ಷತ್ರಕ್ಕೆ ಅರ್ಥವೂ ಉಳಿಯುವುದಿಲ್ಲ. ಯೂಟ್ಯೂಬೇ 2009ರಲ್ಲಿ ತನ್ನಲ್ಲಿ ಬರುವ ದರ್ಜೆಗಳಲ್ಲಿ ಬಹುಪಾಲು ಐದು ನಕ್ಷತ್ರಗಳೇ ಎಂದು ಬಹಿರಂಗವಾಗಿ ಒಪ್ಪಿಕೊಂಡು, 2010ರಲ್ಲಿ ನಕ್ಷತ್ರಗಳನ್ನೇ ತೆಗೆದುಹಾಕಿ ‘ಇಷ್ಟ’, ‘ಇಷ್ಟವಿಲ್ಲ’ ಎಂಬ ಎರಡೇ ಗುರುತುಗಳನ್ನಿಟ್ಟಿತು.

ಹಾಗಾದರೆ ಬಳಗದವರೂ ಅಲ್ಲದ, ವೈರಿಗಳೂ ಅಲ್ಲದ, ಅಪರಿಚಿತ ಓದುಗರ ತೀರ್ಪನ್ನಾದರೂ ನಂಬಬಹುದೇ? ಇಲ್ಲಿ ಎರಡು ಪ್ರಯೋಗಗಳನ್ನು ಕುರಿತು ಹೇಳಬೇಕು. ಎರಡೂ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದವು.

ಮೊದಲನೆಯದು 2006ರದು. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು ವಿದ್ವಾಂಸರು ಯಾರಿಗೂ ತಿಳಿಯದ ಹಾಡುಗಾರರ 48 ಹಾಡುಗಳನ್ನು ಅಂತರಜಾಲದಲ್ಲಿಟ್ಟು 14,341 ಜನರಿಗೆ ಕೇಳಿಸಿದರು. ಒಂದು ಗುಂಪಿನವರಿಗೆ ಹಾಡಿನ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಗುಂಪುಗಳಾಗಿ ಒಡೆದು, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆಂಬ ಎಣಿಕೆಯನ್ನೂ ತೋರಿಸಿದರು. ಎಲ್ಲರೂ ಕೇಳಿದ್ದು ಅವೇ ಹಾಡುಗಳು. ಆದರೆ ಎಣಿಕೆ ಕಂಡ ಗುಂಪುಗಳಲ್ಲಿ ಗೆದ್ದ ಹಾಡಿಗೂ ಸೋತ ಹಾಡಿಗೂ ಅಂತರ ಬಹಳ ಹೆಚ್ಚಾಯಿತು. ಅದಕ್ಕಿಂತ ಸೋಜಿಗವೆಂದರೆ, ಒಂದು ಗುಂಪಿನಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲಿಲ್ಲ. ‘ಲಾಕ್‌ಡೌನ್’ ಎಂಬ ಹಾಡು ಎಣಿಕೆ ಕಾಣದ ಗುಂಪಿನಲ್ಲಿ 26ನೆಯದಾಗಿತ್ತು. ಅದೇ ಹಾಡು ಒಂದು ಗುಂಪಿನಲ್ಲಿ 1ನೆಯದು, ಇನ್ನೊಂದರಲ್ಲಿ 40ನೆಯದು! ತೀರ ಒಳ್ಳೆಯ ಹಾಡುಗಳು ಕೆಳಕ್ಕೆ ಬಿದ್ದದ್ದು ಅಪರೂಪ, ತೀರ ಕೆಟ್ಟವು ಮೇಲಕ್ಕೇರಿದ್ದೂ ಅಪರೂಪ ಎಂಬುದನ್ನೂ ಹೇಳದಿದ್ದರೆ ಪ್ರಯೋಗಕ್ಕೆ ಅನ್ಯಾಯವಾಗುತ್ತದೆ. ಆದರೆ ಬರೆಯುವವರಲ್ಲಿ ಹೆಚ್ಚಿನವರು ಈ ಎರಡು ತುದಿಗಳ ನಡುವೆ ಇರುವವರು.

ಎರಡನೆಯದು 2013ರದು. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಎಂಬವರು ಸುದ್ದಿತಾಣವೊಂದರಲ್ಲಿ ಜನ ಬರೆದ 1,01,281 ಅಭಿಪ್ರಾಯಗಳನ್ನು ತೆಗೆದುಕೊಂಡರು. ಬರೆದ ಕೂಡಲೆ ಕೆಲವಕ್ಕೆ, ಚೀಟಿ ಎತ್ತಿದಂತೆ ಯಾವುದೋ ಒಂದಕ್ಕೆ, ತಾವೇ ಒಂದು ಮೆಚ್ಚುಗೆಯ ಮತ ಹಾಕಿದರು. ಅದು ಒಂದೇ ಮತ. ಕೊನೆಯಲ್ಲಿ ಎಣಿಸಿದಾಗ ಆ ಬರಹಗಳ ಸರಾಸರಿ ದರ್ಜೆ ಉಳಿದವುಗಳಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ಸುಳ್ಳಾಗಿ ಹಾಕಿದ ಕೆಟ್ಟ ಮತವನ್ನು ಮುಂದಿನ ಓದುಗರು ಒಳ್ಳೆಯ ಮತ ಹಾಕಿ ಸರಿಪಡಿಸಿದರು. ಸುಳ್ಳಾಗಿ ಹಾಕಿದ ಒಳ್ಳೆಯ ಮತವನ್ನು ಮಾತ್ರ ಯಾರೂ ಸರಿಪಡಿಸಲಿಲ್ಲ. ಮನುಷ್ಯಸ್ವಭಾವದ ಬಗ್ಗೆ ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ನಾನು ಇನ್ನೂ ತೀರ್ಮಾನಿಸಿಲ್ಲ. ಲೇಖಕನ ಪಾಲಿಗಂತೂ ಇದರ ಅರ್ಥ ಸ್ಪಷ್ಟ. ಮೊದಲ ಗಂಟೆಯಲ್ಲಿ ಯಾರು ಓದಿದರೆಂಬುದು ಮುಂದಿನ ಒಂದು ವರ್ಷವನ್ನು ಗೊತ್ತುಮಾಡಬಹುದು.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಇದೆಲ್ಲದರಿಂದ ಬರಹ ಏನಾಗುತ್ತದೆ?

‘ಮೀಡಿಯಂ’ ಎಂಬ ತಾಣದ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಇವಾನ್ ವಿಲಿಯಮ್ಸ್ 2012ರಲ್ಲಿ ಆರಂಭಿಸಿದ ಈ ತಾಣ 2017ರಲ್ಲಿ ಲೇಖಕರಿಗೆ ಹಣ ಕೊಡತೊಡಗಿತು. ಅದೇ ವರ್ಷ ಮೆಚ್ಚುಗೆಯ ಗುರುತಾಗಿ ಚಪ್ಪಾಳೆಯನ್ನು ತಂದಿತು. ಒಬ್ಬ ಓದುಗ ಒಂದು ಲೇಖನಕ್ಕೆ 50ರವರೆಗೆ ಚಪ್ಪಾಳೆ ತಟ್ಟಬಹುದು. ಹಣದ ಲೆಕ್ಕ ಚಪ್ಪಾಳೆಯ ಮೇಲೆ ನಿಂತಿತು. ಚಪ್ಪಾಳೆ ಬೇಕೆಂದವನು ಯಾವ ಬಗೆಯ ವಾಕ್ಯ ಬರೆಯುತ್ತಾನೆಂಬುದನ್ನು ಚುನಾವಣೆಯ ಭಾಷಣ ಕೇಳಿದವರಿಗೆ ವಿವರಿಸಬೇಕಾಗಿಲ್ಲ. 2019ರಲ್ಲಿ ಮೀಡಿಯಂ ನಿಯಮ ಬದಲಿಸಿ, ಸದಸ್ಯರು ಎಷ್ಟು ಹೊತ್ತು ಓದಿದರೆಂಬುದನ್ನು ಮುಖ್ಯ ಲೆಕ್ಕವಾಗಿ ಹಿಡಿಯಿತು. ಆಗ ಹೊತ್ತು ಹಿಡಿಯುವ ಬರಹಕ್ಕೆ ಲಾಭ. ಎರಡು ಪುಟದಲ್ಲಿ ಮುಗಿಯಬೇಕಾದುದನ್ನು ಐದು ಪುಟಕ್ಕೆ ಎಳೆಯುವ ಆಸೆಗೆ ಬೆಲೆ ಬಂದಂತಾಯಿತು. ನಿಯಮ ಮಾಡಿದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮೊದಲನೆಯ ನಿಯಮದ ದೋಷವನ್ನು ತಿದ್ದಲೆಂದೇ ಎರಡನೆಯದನ್ನು ಮಾಡಿರಬೇಕು. ಅಳತೆಗೋಲು ಬದಲಾದಾಗಲೆಲ್ಲ ಲೇಖನಿಯೂ ಬದಲಾಗುತ್ತದೆಯೆಂಬುದನ್ನು ಮಾತ್ರ ಗಮನಿಸಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗುಡ್‌ಹಾರ್ಟ್ ನಿಯಮವೆಂದು ಓದಿರುತ್ತಾರೆ. ಬ್ರಿಟನ್ನಿನ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯನ್ನು ಕುರಿತು ಹೇಳಿದ್ದು ಇದು: ಯಾವ ಅಂಕಿಯನ್ನು ನೋಡಿ ಆಡಳಿತ ನಡೆಸತೊಡಗುತ್ತೇವೆಯೋ ಆ ಅಂಕಿ ತನ್ನ ಹಿಂದಿನ ಅರ್ಥವನ್ನು ಕಳೆದುಕೊಳ್ಳುತ್ತದೆ.

ದರ್ಜೆಗಾಗಿ ಬರೆಯುವವನು ಒಂದೇ ದಿನದಲ್ಲಿ ಕೆಡುವುದಿಲ್ಲ. ಹೋದ ಸಲ ಯಾವುದಕ್ಕೆ ಹೆಚ್ಚು ನಕ್ಷತ್ರ ಬಂದಿತೋ ಅದೇ ವಿಷಯವನ್ನು ಇನ್ನೊಮ್ಮೆ ಬರೆಯುತ್ತಾನೆ. ಓದುಗರಿಗೆ ಮುನಿಸು ತರುವ ಒಂದು ಮಾತನ್ನು ಬರೆದು, ನೋಡಿ, ಅಳಿಸುತ್ತಾನೆ. ಧಾರಾವಾಹಿಯಲ್ಲಿ ಸಾಯಬೇಕಾದ ಪಾತ್ರ ಸಾಯುವುದಿಲ್ಲ. ಐತಿಹಾಸಿಕ ಲೇಖನದಲ್ಲಿ ಊರಿನ ಹಿರಿಮೆ ಉಳಿಯುತ್ತದೆ, ಊರಿನ ಜಗಳ ಬಿಟ್ಟುಹೋಗುತ್ತದೆ. ನಮ್ಮೂರಿನ ಕೆರೆ ಒತ್ತುವರಿಯಾದುದನ್ನು ಕುರಿತು ಒಂದು ಲೇಖನ, ತಾಯಿಯ ಪ್ರೀತಿಯನ್ನು ಕುರಿತು ಒಂದು ಲೇಖನ, ಎರಡನ್ನೂ ಬರೆಯಬಲ್ಲ ಹುಡುಗನಿದ್ದಾನೆಂದು ಭಾವಿಸಿ. ತಾಯಿಯ ಪ್ರೀತಿಗೆ ಒಂದು ನಕ್ಷತ್ರ ಕೊಡುವ ಎದೆ ಯಾರಿಗಿದೆ? ಕೆರೆಯ ಲೇಖನಕ್ಕೆ ಒತ್ತುವರಿ ಮಾಡಿದವರ ಕಡೆಯ ಐದು ಜನ ಬಂದರೆ ಸಾಕು. ನಾಲ್ಕನೆಯ ಸಲಕ್ಕೆ ಆತ ಯಾವುದನ್ನು ಬರೆಯಲು ಕೂಡುವನೆಂಬುದೇ ಈ ಇಡೀ ವಿಚಾರದ ತಿರುಳೆಂದು ನನಗೆ ತೋರುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಂಕವಿಲ್ಲದ ವಿದ್ಯೆಯೆಲ್ಲಿದೆ? ನಮ್ಮ ಉತ್ತರಪತ್ರಿಕೆಗಳಿಗೂ ಅಂಕ ಬೀಳುತ್ತದೆ. ಅದರಿಂದ ನಾವೇನು ಕೆಟ್ಟೆವೆ? ಗೈಡ್ ಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡಿ ಬರೆಯುವವರ ಸಂಖ್ಯೆಯನ್ನು ನೆನೆದರೆ ಕೆಟ್ಟಿಲ್ಲವೆಂದು ಧೈರ್ಯವಾಗಿ ಹೇಳಲಾರೆ. ಆದರೂ ಒಂದು ವ್ಯತ್ಯಾಸವಿದೆ. ಉತ್ತರಪತ್ರಿಕೆಯನ್ನು ತಿದ್ದುವವರು ವಿಷಯ ಬಲ್ಲವರು, ಪೂರ್ತಿ ಓದಬೇಕಾದ ಹೊಣೆಯುಳ್ಳವರು. ಇನ್ನೊಬ್ಬರು ಎಷ್ಟು ಕೊಟ್ಟಿದ್ದಾರೆಂದು ನೋಡಿ ಅಂಕ ಹಾಕುವವರಲ್ಲ. ಅಧ್ಯಾಪಕರು ಪ್ರಬಂಧದ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಇದಕ್ಕೆ ಆಧಾರವೇನು?’ ಎಂದು ಬರೆದುದು ಹತ್ತಕ್ಕೆ ಆರು ಎಂಬ ಅಂಕಕ್ಕಿಂತ ಹೆಚ್ಚು ಕಲಿಸುತ್ತದೆ. ಮೂರು ನಕ್ಷತ್ರ ಕೊಟ್ಟು ಸುಮ್ಮನೆ ಹೋದವನಿಂದ ಲೇಖಕ ಏನು ಕಲಿಯಬೇಕು? ಉಳಿದ ಎರಡು ನಕ್ಷತ್ರ ಭಾಷೆಗೆ ಹೋದವೋ, ವಿಷಯಕ್ಕೆ ಹೋದವೋ, ಓದುಗನಿಗೆ ಆ ದಿನ ತಲೆನೋವಿತ್ತೋ? ಪ್ರತಿಲಿಪಿಯಂತಹ ತಾಣದಲ್ಲಿ ನಕ್ಷತ್ರದ ಜೊತೆ ಬರೆಯುವ ನಾಲ್ಕು ಸಾಲಿಗೆ ಜಾಗವಿರುವುದು ಒಳ್ಳೆಯದು. ‘ಸೂಪರ್’, ‘ಮುಂದಿನ ಭಾಗ ಬೇಗ ಹಾಕಿ’ ಎಂಬ ಎರಡು ಮಾತುಗಳಿಂದ ಆ ಜಾಗ ತುಂಬಿಹೋಗದಿದ್ದರೆ ಇನ್ನೂ ಒಳ್ಳೆಯದು.

ದೊಡ್ಡ ತಾಣಗಳ ನಿಯಮಗಳನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕಾಲೇಜಿನ ಭಿತ್ತಿಪತ್ರಿಕೆಯ ನಿಯಮ ನಮ್ಮ ಕೈಯಲ್ಲಿದೆ. ಲೇಖನಗಳನ್ನು ಹೆಸರಿಲ್ಲದೆ ಅಂಟಿಸಿ, ಒಂದೇ ವಿಷಯದ ಎರಡೆರಡನ್ನು ಅಕ್ಕಪಕ್ಕ ಇಡಬಹುದು. ಓದಿದವರು ಯಾವುದು ಮೇಲೆಂದು ಒಂದು ಚೀಟಿಯಲ್ಲಿ ಬರೆದು, ಏಕೆಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಿ, ಪೆಟ್ಟಿಗೆಯಲ್ಲಿ ಹಾಕಲಿ. ವಾಕ್ಯವಿಲ್ಲದ ಚೀಟಿಯನ್ನು ಎಣಿಸಬಾರದು. ಎಷ್ಟು ಚೀಟಿ ಬಿದ್ದಿವೆಯೆಂದು ಹದಿನೈದು ದಿನಗಳವರೆಗೆ ಯಾರಿಗೂ ತಿಳಿಯಕೂಡದು. ಆಮೇಲೆ ಹೆಸರು ಬರೆದು, ಚೀಟಿಗಳನ್ನೆಲ್ಲ, ಹೊಗಳಿಕೆ ತೆಗಳಿಕೆಗಳೆರಡನ್ನೂ, ಲೇಖಕರ ಕೈಗೇ ಕೊಟ್ಟುಬಿಡುವುದು. ಗ್ರಂಥಾಲಯದ ಬಾಗಿಲಿನ ಎಡಗಡೆಯ ಹಲಗೆ ಖಾಲಿಯಿದೆ. ಕನ್ನಡ ವಿಭಾಗದ ಅಧ್ಯಾಪಕರು ಒಪ್ಪುವುದಾದರೆ ಬರುವ ವರ್ಷದ ಮೊದಲ ತಿಂಗಳಿನಿಂದಲೇ ನಮ್ಮ ಕಿರಿಯ ಮಿತ್ರರು ಇದನ್ನು ಆರಂಭಿಸಬಹುದು. ಪೆಟ್ಟಿಗೆಯನ್ನು ಮಾಡಿಸಿಕೊಡುವ ಖರ್ಚನ್ನು ಅಂತಿಮ ವರ್ಷದವರು ಕೊಡಲು ಸಿದ್ಧರಿದ್ದೇವೆ.